ಪಂದ್ಯದ ಫಲಗುತ್ತಿಗೆ

ಬೀದರ್ ಜಿಲ್ಲೆಯ ಜಾತ್ರೆಗಳಲ್ಲಿ ನಡೆಯುವ ಕುಸ್ತಿಗೆ ಪ್ರಸಾರ ಹಕ್ಕು ಎಂಬುದಿಲ್ಲ. ಕಣದ ಸುತ್ತ ಗೋಡೆಯಿಲ್ಲ, ಬಾಗಿಲಲ್ಲಿ ಟಿಕೆಟ್ ಹರಿಯುವವರೂ ಇಲ್ಲ. ಬಸವಕಲ್ಯಾಣದ ಹುಡುಗನೊಬ್ಬ ಮೊಬೈಲ್ ಎತ್ತಿ ಹಿಡಿದು, ಕೊನೆಯ ಜೋಡಿಯ ಪಟ್ಟುಗಳನ್ನೆಲ್ಲ ದುಬೈಯಲ್ಲಿರುವ ಅಣ್ಣನಿಗೆ ವಿಡಿಯೊ ಕಾಲ್‌ನಲ್ಲೇ ತೋರಿಸಬಹುದು. ಅದೇ ಹುಡುಗ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೂತು ಐಪಿಎಲ್ ಪಂದ್ಯವನ್ನು ಹಾಗೆ ನೇರವಾಗಿ ಬಿತ್ತರಿಸಹೊರಟರೆ ಟಿಕೆಟ್ಟಿನ ಷರತ್ತೇ ಅವನಿಗೆ ಅಡ್ಡ ಬರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಬೇಲಿಯದು. ಬೇಲಿ ಹಾಕಿ, ಒಳಗೆ ಯಾರ ಕ್ಯಾಮೆರಾ ಬರಬೇಕೆಂದು ಒಬ್ಬರು ತೀರ್ಮಾನಿಸಲು ಶುರುಮಾಡಿದ ಮೇಲೆ ಮಾರುವ ಸರಕು ಹುಟ್ಟುತ್ತದೆ.

ಆಟಕ್ಕೆ ಕೃತಿಸ್ವಾಮ್ಯವಿಲ್ಲ. ಪಂದ್ಯದಲ್ಲಿ ಏನಾಯಿತು, ಯಾರು ಗೆದ್ದರು ಎಂಬ ಸಂಗತಿ ಯಾರ ಸ್ವತ್ತೂ ಅಲ್ಲ. ಆದರೆ ಅದನ್ನು ಚಿತ್ರೀಕರಿಸಿ ಬಿತ್ತರಿಸಿದವರಿಗೆ ಆ ಪ್ರಸಾರದ ಮೇಲೆ ಹಕ್ಕು ಬರುತ್ತದೆ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಂ ಈ ಹಕ್ಕನ್ನು 25 ವರ್ಷ ಕಾಯುತ್ತದೆ. ಉಳಿದದ್ದೆಲ್ಲ ಕರಾರು. ಹುಣಸೆ ಮರದ ಫಲವನ್ನು ಗುತ್ತಿಗೆ ಕೊಡುವ ರೀತಿಯೇ ಇದರದೂ: ಮರ ಹೊಲದವನದೇ, ಕಾಯಿ ಉದುರಿಸುವ ಅಧಿಕಾರ ಮಾತ್ರ ಇಂತಿಷ್ಟು ಕಾಲಕ್ಕೆ ಗುತ್ತಿಗೆದಾರನದು; ಫಸಲು ಕಡಿಮೆ ಬಂದರೆ ನಷ್ಟವೂ ಅವನದೇ.

ಒಂದೇ ಪಂದ್ಯವನ್ನು ಹಲವು ಪಾಲು ಮಾಡಿ ಮಾರಬಹುದು ಎಂಬುದು ಈ ವ್ಯಾಪಾರದ ಜೀವಾಳ. ದೇಶಕ್ಕೊಂದು ಪಾಲು, ಟಿವಿಗೊಂದು, ಮೊಬೈಲಿಗೊಂದು, ರೇಡಿಯೊಗೊಂದು, ಮುಖ್ಯಾಂಶಗಳಿಗೆ ಮತ್ತೊಂದು. (ಆಸ್ತಿ ಪಾಲಿನ ವಿಷಯದಲ್ಲಿ ಭಾರತದ ಬಹುಭಾಗವನ್ನು ಶತಮಾನಗಳ ಕಾಲ ಆಳಿದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರ ಬರೆದದ್ದು ಅಂದು ಕಲ್ಯಾಣವೆನಿಸಿದ್ದ ಇದೇ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಗಾಳಿಯಲ್ಲಿ ಹೋಗುವ ಚಿತ್ರವನ್ನೂ ಪಾಲು ಮಾಡುವ ಕಾಲ ಬಂದೀತೆಂದು ಅವನು ಊಹಿಸಿರಲಾರ.) ಮೈದಾನದಲ್ಲಿ ಕ್ಯಾಮೆರಾ ಇಡುವ ತಂಡ ಒಂದೇ. ಅದು ಜಾಹೀರಾತಿಲ್ಲದ ಒಂದು ಮೂಲ ಚಿತ್ರಧಾರೆಯನ್ನು ತಯಾರಿಸುತ್ತದೆ. ಕೊಂಡ ದೇಶದವರು ಅದಕ್ಕೆ ತಮ್ಮ ಭಾಷೆಯ ವೀಕ್ಷಕ ವಿವರಣೆ, ತಮ್ಮ ಜಾಹೀರಾತು ಸೇರಿಸಿಕೊಳ್ಳುತ್ತಾರೆ. ರಿಯಾದಿನಲ್ಲಿರುವ, ಬೀದರ್ ಜಿಲ್ಲೆಯದೇ ಆದ ಹುಮನಾಬಾದಿನವನು ಊರಲ್ಲಿ ನೋಡುತ್ತಿದ್ದ ಅದೇ ಆ್ಯಪ್ ತೆರೆದಾಗ, ಈ ಪಂದ್ಯ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಎಂದು ಬರುವುದು ಇದೇ ಕಾರಣಕ್ಕೆ. ಅಲ್ಲಿಯ ಪಾಲು ಬೇರೊಬ್ಬರಿಗೆ ಹೋಗಿರುತ್ತದೆ.

ಹೊರದೇಶಕ್ಕೆ ಹಕ್ಕು ಮಾರುವ ಈ ವ್ಯಾಪಾರ ಭಾರತದಲ್ಲಿ ಮೊದಲು ದೊಡ್ಡ ರಗಳೆ ಎಬ್ಬಿಸಿದ್ದು 1993ರಲ್ಲಿ. ಅಲ್ಲಿಯವರೆಗೆ ದೂರದರ್ಶನ ಪಂದ್ಯ ತೋರಿಸುವುದೇ ಕ್ರಿಕೆಟ್ಟಿಗೆ ಮಾಡುವ ಉಪಕಾರವೆಂಬಂತೆ ನಡೆದುಕೊಳ್ಳುತ್ತಿತ್ತು. ಆ ವರ್ಷದ ಹೀರೋ ಕಪ್ ನಡೆಸಿದ ಬಂಗಾಳ ಕ್ರಿಕೆಟ್ ಸಂಸ್ಥೆ ಹೊರದೇಶದ ಹಕ್ಕನ್ನು ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶಿ ಕಂಪನಿಗೆ ಮಾರಿತು. ದೂರದರ್ಶನ ಮುನಿಸಿಕೊಂಡಿತು, ಪಂದ್ಯ ತೋರಿಸಬೇಕಾದರೆ ಪಂದ್ಯವೊಂದಕ್ಕೆ 5 ಲಕ್ಷ ರೂಪಾಯಿ ನೀವೇ ಕೊಡಬೇಕು ಎಂದಿತು. ಕಂಪನಿಯವರು ತಂದ ಸಲಕರಣೆ ಮುಂಬೈಯಲ್ಲಿ ಕಸ್ಟಮ್ಸ್‌ನವರ ಕೈಗೆ ಸಿಕ್ಕಿಬಿತ್ತು. ಚಿತ್ರವನ್ನು ಉಪಗ್ರಹಕ್ಕೆ ಏರಿಸಲು 1885ರ ಟೆಲಿಗ್ರಾಫ್ ಕಾಯ್ದೆಯಂತೆ ಸರ್ಕಾರದ ಅಪ್ಪಣೆ ಬೇಕಿತ್ತು, ಅಪ್ಪಣೆ ಸಲೀಸಾಗಿ ಸಿಗುತ್ತಿರಲಿಲ್ಲ. ತಂತಿ ಕಳಿಸುವ ಕಾಲದ ಕಾನೂನು ಕ್ರಿಕೆಟ್ ಚೆಂಡಿನ ದಾರಿಗೆ ಅಡ್ಡ ನಿಂತಿತ್ತು.

ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರುವರಿ 9ರಂದು ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್, ಎಸ್. ಮೋಹನ್, ಬಿ.ಪಿ. ಜೀವನ್ ರೆಡ್ಡಿ ತೀರ್ಪು ಕೊಟ್ಟರು. ಇವರಲ್ಲಿ ಮೋಹನ್ ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂದು ಪೀಠ ಹೇಳಿತು. ಇಂದು ಹುಮನಾಬಾದಿನ ಕೇಬಲ್ಲಿನಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಎಂದು ನೂರಾರು ಚಾನೆಲ್ ಬರುವುದಕ್ಕೆ ಅಡಿಪಾಯ ಹಾಕಿದ ತೀರ್ಪುಗಳಲ್ಲಿ ಇದು ಮುಖ್ಯವಾದುದು. ಅದರ ಬೇರು ವಾಕ್‌ಸ್ವಾತಂತ್ರ್ಯದ ಚಳವಳಿಯಲ್ಲಿಲ್ಲ, ವಿದೇಶಕ್ಕೆ ಕ್ರಿಕೆಟ್ ಮಾರಿದ ಒಂದು ಕರಾರಿನಲ್ಲಿದೆ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ಅದೇ 1995ರಲ್ಲಿ ಭೂಮಿಯ ದಕ್ಷಿಣಾರ್ಧದಲ್ಲಿ ಇನ್ನೊಂದು ಕರಾರು ಆಯಿತು. ರಗ್ಬಿ ನಮ್ಮ ಕಡೆಗೆ ಅಪರಿಚಿತ ಆಟ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವುದು, ಎದುರಾಳಿಗಳು ಸೊಂಟ ಹಿಡಿದು ಕೆಡವುವುದು. ಕಬಡ್ಡಿ ಆಡಿದವರಿಗೆ ಆ ಹಿಡಿತ ಹೊಸದೇನಲ್ಲ. ಆದರೂ ಅದಕ್ಕೆ ನಮ್ಮ ದೇಶದೊಂದಿಗೆ ಹಳೆಯ ನಂಟಿದೆ: ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಸೆಣಸುವ ಕಲ್ಕತ್ತಾ ಕಪ್, ಕಲ್ಕತ್ತಾದ ಕ್ಲಬ್ಬೊಂದು ಮುಚ್ಚುವಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನೇ ಕರಗಿಸಿ ಮಾಡಿಸಿದ್ದು. 1995ರವರೆಗೆ ಈ ಆಟ ಆಡಿದವರಿಗೆ ಸಂಬಳ ಕೊಡುವುದು ನಿಯಮಕ್ಕೆ ವಿರುದ್ಧವಾಗಿತ್ತು. ಆ ವರ್ಷದ ಜೂನ್ 23ರಂದು, ವಿಶ್ವಕಪ್ ಫೈನಲ್ಲಿನ ಹಿಂದಿನ ದಿನ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾ ಮಂಡಳಿಗಳು ರೂಪರ್ಟ್ ಮರ್ಡಾಕರ ನ್ಯೂಸ್ ಕಾರ್ಪೊರೇಷನ್ನಿಗೆ 10 ವರ್ಷದ ಪ್ರಸಾರ ಹಕ್ಕನ್ನು 55.5 ಕೋಟಿ ಡಾಲರಿಗೆ ಕೊಟ್ಟ ಸುದ್ದಿ ಹೊರಬಿತ್ತು. ಅತ್ತ ಆಸ್ಟ್ರೇಲಿಯಾದ ಟಿವಿ ಒಡೆಯ ಕೆರಿ ಪ್ಯಾಕರ್ ಬೆಂಬಲದ ಗುಂಪೊಂದು ಆಟಗಾರರನ್ನೇ ಸೆಳೆದುಕೊಳ್ಳುವ ಹವಣಿಕೆಯಲ್ಲಿತ್ತು. 1977ರಲ್ಲಿ ಪ್ರಸಾರ ಹಕ್ಕು ಸಿಗದ ಸಿಟ್ಟಿಗೆ ಕ್ರಿಕೆಟ್ಟನ್ನೇ ಎರಡು ಹೋಳು ಮಾಡಿದ ಅದೇ ಪ್ಯಾಕರ್. ಇಷ್ಟು ಹಣ ಹರಿದು ಬಂದ ಮೇಲೆ ಸಂಬಳವಿಲ್ಲದ ಆಟ ಎಂಬ ಸೋಗು ಎಷ್ಟು ದಿನ ನಡೆದೀತು? ಎರಡೇ ತಿಂಗಳಲ್ಲಿ, ಆಗಸ್ಟಿನಲ್ಲಿ, ಪ್ಯಾರಿಸ್ಸಿನಲ್ಲಿ ಕೂತ ಅಂತರರಾಷ್ಟ್ರೀಯ ಮಂಡಳಿ ರಗ್ಬಿಯನ್ನು ವೃತ್ತಿಪರ ಆಟವೆಂದು ಸಾರಿತು. ಬೇರೆ ಹಲವು ಆಟಗಳಲ್ಲಿ ವೃತ್ತಿ ಮೊದಲು ಬಂತು, ಟಿವಿ ಆಮೇಲೆ. ರಗ್ಬಿಯಲ್ಲಿ ಟಿವಿಯ ದುಡ್ಡೇ ವೃತ್ತಿಯನ್ನು ಹೆತ್ತಿತು.

ಆ ಒಪ್ಪಂದಕ್ಕೆ ಒಂದು ಸಂಕಟ ಹುಟ್ಟಿನಿಂದಲೇ ಅಂಟಿಕೊಂಡಿತ್ತು: ಗಡಿಯಾರ. ನ್ಯೂಜಿಲೆಂಡಿನಲ್ಲಿ ಸಂಜೆ 7ಕ್ಕೆ ಆಟ ಶುರುವಾದರೆ ದಕ್ಷಿಣ ಆಫ್ರಿಕಾದಲ್ಲಿ ಬೆಳಿಗ್ಗೆ 9. ಬ್ರಿಟನ್ನಿನಲ್ಲಿ ಜನ ಇನ್ನೂ ಹಾಸಿಗೆ ಬಿಟ್ಟಿರುವುದಿಲ್ಲ. ದುಡ್ಡಿರುವ ನೋಡುಗರು ಯುರೋಪಿನಲ್ಲಿ, ಆಟ ನಡೆಯುವುದು ಅವರು ನಿದ್ದೆಯಲ್ಲಿರುವಾಗ. ಕೊನೆಗೆ ದಕ್ಷಿಣ ಆಫ್ರಿಕಾದ ನಾಲ್ಕು ದೊಡ್ಡ ತಂಡಗಳು ನ್ಯೂಜಿಲೆಂಡ್, ಆಸ್ಟ್ರೇಲಿಯಾ ತಂಡಗಳೊಂದಿಗಿನ ಹಳೆಯ ಕೂಟ ಬಿಟ್ಟು, 2021ರಲ್ಲಿ ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿಯ ತಂಡಗಳ ಯುನೈಟೆಡ್ ರಗ್ಬಿ ಚಾಂಪಿಯನ್‌ಶಿಪ್ ಸೇರಿದವು. ಕೋವಿಡ್ ಕಾಲದ ಪ್ರಯಾಣದ ತೊಡಕೂ ಅದಕ್ಕೊಂದು ಕಾರಣ. ವಿಮಾನದಲ್ಲಿ ಗಂಟೆಗಟ್ಟಲೆ ಹೋಗಬೇಕಾದರೂ ಕೇಪ್‌ಟೌನಿಗೂ ಯುರೋಪಿಗೂ ಗಡಿಯಾರದ ಅಂತರ ಒಂದೆರಡು ತಾಸು ಮಾತ್ರ. ಪ್ರಸಾರ ಹಕ್ಕಿನ ಭೂಪಟದಲ್ಲಿ ಹತ್ತಿರ–ದೂರವನ್ನು ತಾಸಿನಲ್ಲಿ ಅಳೆಯಬೇಕು.

ಈಗ ನಮ್ಮ ಲೆಕ್ಕ. 2023ರಿಂದ 2027ರವರೆಗಿನ ಐಪಿಎಲ್ ಹಕ್ಕುಗಳನ್ನು ಬಿಸಿಸಿಐ 2022ರ ಜೂನ್‌ನಲ್ಲಿ ಆನ್‌ಲೈನ್ ಹರಾಜಿನಲ್ಲಿ ಮಾರಿತು. ಒಟ್ಟು 48,390 ಕೋಟಿ ರೂಪಾಯಿ. ಅದರಲ್ಲಿ ಭಾರತ ಉಪಖಂಡದ ಟಿವಿ ಹಕ್ಕಿಗೆ 23,575 ಕೋಟಿ, ಇಲ್ಲಿನ ಡಿಜಿಟಲ್ ಹಕ್ಕಿಗೆ 20,500 ಕೋಟಿ. ಆಯ್ದ ಕೆಲವು ಪಂದ್ಯಗಳನ್ನು ಡಿಜಿಟಲ್‌ನಲ್ಲಿ ಹಂಚಿಕೊಳ್ಳುವ ಹಕ್ಕಿಗೆ ಇನ್ನೂ 3,258 ಕೋಟಿಯಷ್ಟು. ಉಳಿದ ಇಡೀ ಪ್ರಪಂಚಕ್ಕೆ? ಸುಮಾರು 1,058 ಕೋಟಿ. ಅಂದರೆ 100 ರೂಪಾಯಿಯಲ್ಲಿ 2 ರೂಪಾಯಿ ಚಿಲ್ಲರೆ. 410 ಪಂದ್ಯಗಳ ಲೆಕ್ಕದಲ್ಲಿ ಇಲ್ಲಿನ ಟಿವಿಯವರು ಪಂದ್ಯವೊಂದಕ್ಕೆ 57.5 ಕೋಟಿ ತೆತ್ತರೆ, ಹೊರಜಗತ್ತಿನಿಂದ ಬಂದದ್ದು 2.6 ಕೋಟಿಯ ಆಸುಪಾಸು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲಿಗೆ 2022ರ ನಂತರದ ಮೂರು ವರ್ಷಗಳಲ್ಲಿ ಹೊರದೇಶದ ಆದಾಯ ಸ್ವದೇಶದ ಆದಾಯವನ್ನೇ ದಾಟಿತು. ಐಪಿಎಲ್ ಜಾಗತಿಕ ಲೀಗ್ ಎಂದು ಹೇಳಿಕೊಳ್ಳುವಾಗ ಈ 2 ರೂಪಾಯಿ ನೆನಪಿರಲಿ.

ಆ 2 ರೂಪಾಯಿಯೂ ಬಹುಪಾಲು ನಮ್ಮವರದೇ. 2022ರಲ್ಲಿ ಅಮೆರಿಕ ಮತ್ತು ಅರಬ್ ದೇಶಗಳ ಪಾಲು ಟೈಮ್ಸ್ ಇಂಟರ್‌ನೆಟ್ಟಿಗೆ ಹೋಯಿತು. ಬ್ರಿಟನ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ–ನ್ಯೂಜಿಲೆಂಡ್ ವಯಾಕಾಮ್18ಕ್ಕೆ. ಅಮೆರಿಕದ ಕನ್ನಡ ಮನೆಗಳಲ್ಲಿ ಕ್ರಿಕೆಟ್ ಎಂದರೆ ವಿಲೋ ಟಿವಿ. ಅದನ್ನು ಟೈಮ್ಸ್ ಇಂಟರ್‌ನೆಟ್ 2016ರಲ್ಲೇ ಕೊಂಡಿತ್ತು. ಬೆಂಗಳೂರಿನಲ್ಲಿ ಸಂಜೆ 7:30ಕ್ಕೆ ಟಾಸ್ ಮುಗಿದು ಆಟ ಶುರುವಾದಾಗ ದುಬೈಯಲ್ಲಿ 6, ರಿಯಾದಿನಲ್ಲಿ 5, ಲಂಡನ್ನಿನಲ್ಲಿ ಮಧ್ಯಾಹ್ನ 3, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 7. ಸಿಡ್ನಿಯಲ್ಲಿ ನಡುರಾತ್ರಿ. ಕೊಲ್ಲಿ ದೇಶಗಳಲ್ಲಿ ಕೆಲಸ ಮುಗಿಸಿ ರೂಮಿಗೆ ಬಂದವನಿಗೆ ಹೇಳಿ ಮಾಡಿಸಿದ ಹೊತ್ತು. ಬಸವಕಲ್ಯಾಣ, ಹುಮನಾಬಾದಿನಂಥ ಊರುಗಳಿಂದ ದುಡಿಯಲು ಹೋದವರು ಈ ಮಾರುಕಟ್ಟೆಯ ನಿಜವಾದ ಗಿರಾಕಿಗಳು. ಹರಾಜಿನ ಕಾಗದಪತ್ರಗಳಲ್ಲಿ ಅವರಿಗಿರುವ ಹೆಸರು ‘ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ’.

ಪಾಲು ಮಾಡಿದ ಮೇಲೆ ಸೋರಿಕೆಯ ಭಯ ಶುರುವಾಗುತ್ತದೆ. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ಸರಣಿಯ ಹಕ್ಕು ನಿಂಬಸ್ ಕಂಪನಿಯದು. ದೂರದರ್ಶನದ ಸಂಕೇತಕ್ಕೆ ಬೀಗವಿಲ್ಲ, ಅದು ಗಡಿ ದಾಟಿ ನೆರೆದೇಶಗಳಿಗೂ ಚೆಲ್ಲುತ್ತದೆ, ಅಲ್ಲಿ ನಾವು ಮಾರಿದ ಹಕ್ಕಿಗೆ ಬೆಲೆ ಎಲ್ಲಿ ಉಳಿಯಿತು ಎಂಬುದು ಅದರ ತಕರಾರು. ದೆಹಲಿ ಹೈಕೋರ್ಟು ದೂರದರ್ಶನಕ್ಕೆ ಏಳು ನಿಮಿಷ ತಡವಾಗಿ ತೋರಿಸುವ ಅವಕಾಶ ಕೊಟ್ಟಿತು. ಏಳು ನಿಮಿಷ ತಡವಾದ ಕ್ರಿಕೆಟ್! ಪಕ್ಕದ ಮನೆಯಲ್ಲಿ ಚಪ್ಪಾಳೆ ಬಿದ್ದ ಮೇಲೆ ನಮ್ಮ ಮನೆಯಲ್ಲಿ ಬೌಲರ್ ಓಡಿ ಬರುತ್ತಾನೆ. ಕೂಡಲೇ ಸರ್ಕಾರ ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಕಾಯ್ದೆಯೂ ಆಯಿತು. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಂಕೇತವನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು; ಜಾಹೀರಾತಿನ ಹಣದಲ್ಲಿ 75 ಪಾಲು ಹಕ್ಕುದಾರರಿಗೆ, 25 ಪಾಲು ಪ್ರಸಾರ ಭಾರತಿಗೆ. 2017ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಇನ್ನೊಂದು ಗೆರೆ ಎಳೆಯಿತು: ಹಂಚಿಕೊಂಡ ಪಂದ್ಯ ದೂರದರ್ಶನದ ಸ್ವಂತ ಜಾಲದಲ್ಲಿ ಮತ್ತು ಡಿಡಿ ಫ್ರೀ ಡಿಶ್‌ನಲ್ಲಿ ಮಾತ್ರ ಬರಬೇಕು, ಕೇಬಲ್ಲಿನಲ್ಲಲ್ಲ. ಹೀಗಾಗಿ ಹೊಲದ ಮನೆಯ ಮೇಲಿನ ಫ್ರೀ ಡಿಶ್ ತಟ್ಟೆಯಲ್ಲಿ ಪುಕ್ಕಟೆ ಸಿಗುವ ಭಾರತದ ಏಕದಿನ ಪಂದ್ಯ, ಪೇಟೆಯಲ್ಲಿ ತಿಂಗಳು ತಿಂಗಳು ದುಡ್ಡು ಕಟ್ಟುವ ಕೇಬಲ್ ಮನೆಯ ಡಿಡಿಯಲ್ಲಿ ಸಿಗುವುದಿಲ್ಲ. ಐಪಿಎಲ್ ಅಂತೂ ಆ ಪಟ್ಟಿಯಲ್ಲೇ ಇಲ್ಲ.

ಕಬಡ್ಡಿಯ ಕಥೆ ಬೇರೆ ತರಹ. ಬ್ರಿಟನ್ನಿನ ಚಾನೆಲ್ 4 ನಮ್ಮ ಕಬಡ್ಡಿಯನ್ನು 1991ರಲ್ಲೇ ತೋರಿಸಿ, ನೋಡುವವರಿಲ್ಲವೆಂದು ಬೇಗನೆ ಕೈಬಿಟ್ಟಿತ್ತು. 2014ರಲ್ಲಿ ಬಂದ ಪ್ರೊ ಕಬಡ್ಡಿ ಇಲ್ಲಿ ಮನೆಮಾತಾಯಿತು. ಬೆಂಗಳೂರು ಬುಲ್ಸ್ ಆರನೇ ಆವೃತ್ತಿ ಗೆದ್ದಾಗ ಕರ್ನಾಟಕದ ಹಳ್ಳಿಗಳಲ್ಲೂ ಸಂಭ್ರಮ. ಆದರೆ 2021ರಲ್ಲಿ ಅದರ ಐದು ವರ್ಷದ ಹಕ್ಕು ಹರಾಜಿಗೆ ಬಂದಾಗ ಕೂಗಿದ್ದು ಸ್ಟಾರ್ ಇಂಡಿಯಾ ಒಂದೇ, 908.7 ಕೋಟಿಗೆ. ಲೀಗ್ ನಡೆಸುವ ಮಶಾಲ್ ಸ್ಪೋರ್ಟ್ಸ್‌ನಲ್ಲಿ ದೊಡ್ಡ ಪಾಲು ಅದೇ ಸ್ಟಾರಿನದು. ಕೊಳ್ಳುವವನೂ ಮಾರುವವನೂ ಒಂದೇ ಮನೆಯವರಾದಾಗ ಆ ಅಂಕಿಯನ್ನು ಮಾರುಕಟ್ಟೆಯ ಬೆಲೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

2025ರ ಜೂನ್‌ನಲ್ಲಿ ಮುಂಬೈಯ ಅಂಧೇರಿಯಲ್ಲಿ ಭಾರತದ ಮೊದಲ ಫ್ರಾಂಚೈಸಿ ರಗ್ಬಿ ಲೀಗ್ ನಡೆಯಿತು. ಆರು ತಂಡಗಳು, ಅವುಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಒಂದು, ಹೈದರಾಬಾದ್ ಹೀರೋಸ್ ಇನ್ನೊಂದು. ಹುಮನಾಬಾದಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ತಂಡಕ್ಕೆ ಏಳೇ ಆಟಗಾರರು, ನಾಲ್ಕು ನಿಮಿಷದ ನಾಲ್ಕು ಭಾಗ. ಇಲ್ಲಿ ಕ್ರಿಕೆಟ್ಟಿನ ಲೆಕ್ಕ ತಲೆಕೆಳಗು. ಕ್ರಿಕೆಟ್ಟಿಗೆ ಗಿರಾಕಿ ಒಳಗೆ, ಹೊರಗೆ ಚಿಲ್ಲರೆ. ಈ ರಗ್ಬಿಗೆ ಆಟ ಬಲ್ಲ ನೋಡುಗರು ಫಿಜಿ, ನ್ಯೂಜಿಲೆಂಡ್, ಬ್ರಿಟನ್, ದಕ್ಷಿಣ ಆಫ್ರಿಕಾದಲ್ಲಿ. ಒಳಗೆ ಇನ್ನೂ ಹುಡುಕಬೇಕು. ಹೊರದೇಶದ ಹೆಸರಾಂತ ಆಟಗಾರರನ್ನು ತಂಡಕ್ಕೆ ಸೇರಿಸಿದ್ದಕ್ಕೆ ಆಟದ ಮಟ್ಟ ಒಂದು ಕಾರಣ. ಫಿಜಿಯ ಆಟಗಾರನಿದ್ದರೆ ಫಿಜಿಯಲ್ಲಿ ನೋಡುವವರಿರುತ್ತಾರೆ ಎಂಬುದೂ ಕಾರಣವಿರಬಹುದು, ಮತ್ತು ವ್ಯಾಪಾರದ ದೃಷ್ಟಿಯಿಂದ ಅದು ಜಾಣ ಲೆಕ್ಕ. ಕೊಳ್ಳುವವರಿಲ್ಲದ ದೇಶಗಳ ವಿಷಯದಲ್ಲಿ ರಗ್ಬಿ ಲೋಕಕ್ಕೆ ಇನ್ನೊಂದು ದಾರಿಯೂ ಇದೆ: ವಿಶ್ವ ರಗ್ಬಿ ಸಂಸ್ಥೆ ತನ್ನದೇ ಆ್ಯಪಿನಲ್ಲಿ ಪುಕ್ಕಟೆ ತೋರಿಸುತ್ತದೆ. ಮಾರಾಟವಾಗದ ಪಾಲನ್ನು ಬೀಳು ಬಿಡುವುದಕ್ಕಿಂತ ನಾಳೆಯ ಗಿರಾಕಿಯನ್ನು ಬೆಳೆಸುವುದು ಮೇಲು ಎಂಬ ಎಣಿಕೆ.

ಐಪಿಎಲ್ಲಿನ ಈಗಿನ ಕರಾರು 2027ಕ್ಕೆ ಮುಗಿಯುತ್ತದೆ. 2022ರಲ್ಲಿ ಬೆಲೆ ಆ ಮಟ್ಟಕ್ಕೆ ಏರಲು ಮುಖ್ಯ ಕಾರಣ ಡಿಸ್ನಿ ಸ್ಟಾರ್ ಮತ್ತು ವಯಾಕಾಮ್18ರ ಜಿದ್ದು. 2024ರ ನವೆಂಬರಿನಲ್ಲಿ ಅವೆರಡೂ ಕೂಡಿ ಜಿಯೊಸ್ಟಾರ್ ಆದವು. ಹರಾಜಿನಲ್ಲಿ ಎದುರು ಬದುರು ಕೂಗುತ್ತಿದ್ದ ಇಬ್ಬರು ಈಗ ಒಬ್ಬರು. ಸ್ವದೇಶದ ಹರಾಜು ಮಂಕಾದರೆ ಬಿಸಿಸಿಐ ಮೊದಲ ಬಾರಿಗೆ ಆ 2 ರೂಪಾಯಿಯ ಪಾಲಿನತ್ತ ತಿರುಗಿ ನೋಡಬೇಕಾದೀತು. ಆಗ ಪಂದ್ಯ 7:30ಕ್ಕೇ ಶುರುವಾಗಬೇಕೆ, ಲಂಡನ್ನಿನವರ ಸಂಜೆಗೆ ಹೊಂದುವಂತೆ ಇನ್ನಷ್ಟು ತಡವಾಗಬೇಕೆ ಎಂಬ ಚರ್ಚೆ ಎದ್ದರೆ ಆಶ್ಚರ್ಯವಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಹೊಲಕ್ಕೆ ಹೋಗುವ ಹುಮನಾಬಾದಿನ ರೈತನಿಗೆ ಕೊನೆಯ ಓವರ್ ಈಗಲೇ ತಡ.