ನಿಮಗಿದು ಗೊತ್ತೇ? ಚಿಕ್ಕೋಡಿಗೆ ಕಾಣುತ್ತೆ, ಲಂಡನ್ನಿಗೆ ಇಲ್ಲ!

ಲಂಡನ್ನಿನವರು ತಮ್ಮೂರಲ್ಲಿ ಜನ್ಮವಿಡೀ ಕಾದರೂ ಕಾಣದ ಒಂದು ಗೆಲಾಕ್ಸಿ ಇದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಆಕಾಶಕ್ಕೆ ಅದು ಪ್ರತಿ ಬೇಸಿಗೆ ತಪ್ಪದೆ ಬರುತ್ತೆ! ಹೆಸರು ಸೆಂಟಾರಸ್ ಎ.

ದೂರ ಸುಮಾರು 1.2 ಕೋಟಿ ಜ್ಯೋತಿರ್ವರ್ಷ. ಇವತ್ತು ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಭೂಮಿಯ ಮೇಲೆ ಮನುಷ್ಯನೇ ಹುಟ್ಟಿರಲಿಲ್ಲ!

ಇದನ್ನು ಕಂಡುಹಿಡಿದದ್ದು 1826ರಲ್ಲಿ, ಜೇಮ್ಸ್ ಡನ್‌ಲಪ್, ಆಸ್ಟ್ರೇಲಿಯಾದಿಂದ. ನಮ್ಮ ಕಿತ್ತೂರಿನಲ್ಲಿ ಚೆನ್ನಮ್ಮನ ಯುದ್ಧ ನಡೆದು ಆಗಿನ್ನೂ 2 ವರ್ಷ!

ಆಕಾರ ಮಸೂರ ಬೇಳೆಯದು: ನಡು ಉಬ್ಬು, ಅಂಚು ತೆಳು. ಹೀಗನ್ನುವುದು ಒಂದು ಪಕ್ಷ. ಅಲ್ಲ, ದೀರ್ಘವೃತ್ತದ್ದು ಅನ್ನುವುದು ಇನ್ನೊಂದು. ವಿಜ್ಞಾನಿಗಳ ಈ ಜಗಳ ಇನ್ನೂ ಹರಿದಿಲ್ಲ!

ನಡುವೆ ಅಡ್ಡಕ್ಕೆ ಒಂದು ಕರಿ ಪಟ್ಟಿ. ಏನದು? ಹಿಂದೊಮ್ಮೆ ನುಂಗಿದ ಇನ್ನೊಂದು ಗೆಲಾಕ್ಸಿಯ ಧೂಳು! ತಿಂದ ಗುರುತು ಬಾಯಲ್ಲೇ ಉಳಿದಿದೆ.

ಹೊಟ್ಟೆಯೊಳಗೆ ಕೂತಿದೆ ಒಂದು ಕಪ್ಪುಕುಳಿ. ತೂಕ? ಸುಮಾರು 5.5 ಕೋಟಿ ಸೂರ್ಯರಷ್ಟು! ಇದು ಬರೀ ನುಂಗುವುದಿಲ್ಲ, ಉಗುಳುತ್ತದೆ ಕೂಡ. ಅದರ ಸುತ್ತಲಿಂದ ಎರಡೂ ಕಡೆಗೆ ಚಿಮ್ಮುವ ಕಾರಂಜಿಗಳ ವೇಗ ಬೆಳಕಿನ ಅರ್ಧದಷ್ಟು!

ಆ ಕಾರಂಜಿಗಳು ರೇಡಿಯೋ ತರಂಗ ಸೂಸುತ್ತವೆ. ನಮ್ಮ ಕಣ್ಣಿಗೆ ರೇಡಿಯೋ ತರಂಗ ಕಾಣುವಂತಿದ್ದರೆ? 16 ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದಕ್ಕೆ ಈ ಗೆಲಾಕ್ಸಿ ಆಕಾಶದಲ್ಲಿ ಹರಡಿಕೊಂಡಿರುತ್ತಿತ್ತು! ಕಾಣದಿರುವುದೇ ಒಳ್ಳೆಯದು ಬಿಡಿ, ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಇಲ್ಲೊಂದು ಹೆಮ್ಮೆಯ ಸಂಗತಿ. 2015ರ ಸೆಪ್ಟೆಂಬರ್ 28ರಂದು ಹಾರಿದ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಒಂದು ನೇರಳಾತೀತ ದೂರದರ್ಶಕವಿದೆ. ಅದರ ಹಿಂದಿನ ಮುಖ್ಯ ಕೈ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅದರಿಂದ ನಮ್ಮ ವಿಜ್ಞಾನಿಗಳು ಸೆಂಟಾರಸ್ ಎ ಯನ್ನೂ ನೋಡಿದ್ದಾರೆ. ಕಾರಂಜಿಯ ಹಾದಿಯ ಬಳಿ ಹೊಸ ನಕ್ಷತ್ರಗಳು ಹುಟ್ಟುವ ಜಾಗ ಅವರಿಗೆ ಕಂಡಿದೆ!

1986ರಲ್ಲಿ ಅಲ್ಲೊಂದು ನಕ್ಷತ್ರ ಸಿಡಿದದ್ದು ನಮಗೆ ಕಂಡಿತು. ಅದನ್ನು ಮೊದಲು ಕಂಡವರು ಹವ್ಯಾಸಿ ಖಗೋಳಪ್ರಿಯ ರಾಬರ್ಟ್ ಇವಾನ್ಸ್!

ನೋಡಬೇಕಾ? ಮೇ ತಿಂಗಳ ನಡುವೆ, ಚಂದ್ರನಿಲ್ಲದ ರಾತ್ರಿ ಹತ್ತೂವರೆಗೆ, ಊರ ದೀಪ ದಾಟಿ ಹೊಲದ ಕಡೆ ಹೋಗಿ ದಕ್ಷಿಣಕ್ಕೆ ಮುಖ ಮಾಡಿ. ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ. ಬರಿಗಣ್ಣಿಗೆ ಸಿಗಲಿಕ್ಕಿಲ್ಲ, ಬೈನಾಕ್ಯುಲರ್ ಮರೆಯಬೇಡಿ!