ತಮ್ಮದು ಯಾವೂರಾಯ್ತು?

ಮದುವೆ ಮನೆಯ ಊಟದ ಪಂಕ್ತಿ, ರೈಲಿನ ಡಬ್ಬಿ, ಆಸ್ಪತ್ರೆಯ ಬೆಂಚು – ಎಲ್ಲೇ ಆಗಲಿ, ಅಪರಿಚಿತರಿಬ್ಬರು ಮಾತಿಗೆ ತೊಡಗಿದರೆ ಮೊದಲು ಬರುವ ಪ್ರಶ್ನೆ ಹೆಸರಿನದಲ್ಲ, ಊರಿನದು. ‘ತಮ್ಮದು ಯಾವೂರಾಯ್ತು?’ ಉತ್ತರ ಸಿಕ್ಕ ಮೇಲೆಯೇ ಮಾತು ಮುಂದಕ್ಕೆ. ಊರಿನ ಹೆಸರಿನಿಂದ ಜನರನ್ನು ಕರೆಯಲು ಕನ್ನಡದಲ್ಲಿ ಬಗೆಬಗೆಯ ದಾರಿಗಳಿವೆ. ಮೇಲ್ನೋಟಕ್ಕೆ ಎಲ್ಲವೂ ಒಂದೇ. ಆದರೆ ಒಂದೊಂದರ ಲೆಕ್ಕಾಚಾರವೂ ಬೇರೆ.

ಇವುಗಳಲ್ಲಿ ಹಳೆಯದು ‘ಇಗ’ ಪ್ರತ್ಯಯ. ವ್ಯಾಕರಣದಲ್ಲಿ ಇದು ತದ್ಧಿತ ಪ್ರತ್ಯಯಗಳ ಸಾಲಿಗೆ ಸೇರುತ್ತದೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತದ್ಧಿತಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಗಾಣ ನಡೆಸುವವನು ಗಾಣಿಗ, ಲೆಕ್ಕ ಬರೆಯುವವನು ಲೆಕ್ಕಿಗ, ಕಬ್ಬ ಅಂದರೆ ಕಾವ್ಯ ಕಟ್ಟುವವನು ಕಬ್ಬಿಗ. ಕಸುಬನ್ನು ಸೂಚಿಸುವ ಈ ಪ್ರತ್ಯಯವೇ ನುಡಿಗೂ ನಾಡಿಗೂ ಅಂಟಿಕೊಂಡು ಕನ್ನಡಿಗ, ಮಲೆನಾಡಿಗ ಎಂಬ ಪದಗಳಾದವು. ಊರಿಗೆ ಸೇರಿದಾಗ ಮೈಸೂರಿಗ, ಬೆಂಗಳೂರಿಗ.

ಆದರೆ ‘ಇಗ’ ಎಲ್ಲ ಊರಿಗೂ ಒಗ್ಗುವುದಿಲ್ಲ. ‘ಊರು’, ‘ನಾಡು’ ಎಂದು ಮುಗಿಯುವ ಹೆಸರುಗಳಲ್ಲಿ ಕೊನೆಯ ಸ್ವರ ಲೋಪವಾಗಿ ಪದ ಸಲೀಸಾಗಿ ಕೂಡುತ್ತದೆ. ಹುಬ್ಬಳ್ಳಿಯವನನ್ನು ‘ಹುಬ್ಬಳ್ಳಿಗ’ ಎಂದು ನೋಡಿ. ಬಸ್ ಕಂಡಕ್ಟರ್ ‘ಹುಬ್ಬಳ್ಳಿಗೆ’ ಟಿಕೆಟ್ ಕೊಟ್ಟಂತೆ ಕೇಳಿಸುತ್ತದೆ. ದಾವಣಗೆರೆ, ಶಿವಮೊಗ್ಗಗಳ ಪಾಡೂ ಇದೇ. ಅಲ್ಲೆಲ್ಲ ಕೈಹಿಡಿಯುವುದು ‘ಅವರು’: ಹುಬ್ಬಳ್ಳಿಯವರು, ದಾವಣಗೆರೆಯವರು. ಉತ್ತರ ಕರ್ನಾಟಕದ ಬಾಯಲ್ಲಿ ‘ಹುಬ್ಬಳ್ಳಿ ಮಂದಿ’.

ಊರಿನವರು ಎನ್ನುವುದಕ್ಕೂ ಸಮುದಾಯದವರು ಎನ್ನುವುದಕ್ಕೂ ಇರುವ ಅಂತರವನ್ನು ತಿಳಿಯಲು ಕೊಡಗನ್ನು ನೋಡಬೇಕು. ಕೊಡವ ಭಾಷೆ, ಐನ್‌ಮನೆ, ಒಕ್ಕಗಳ ಪರಂಪರೆಯುಳ್ಳವರು ಕೊಡವರು. ಅರೆಭಾಷೆ ಗೌಡರು, ಯರವರು, ಜೇನುಕುರುಬರು ಅಲ್ಲಿಯೇ ತಲೆಮಾರುಗಳಿಂದ ಬಾಳಿದವರು; ಅವರು ಕೊಡಗಿನವರು, ಆದರೆ ಕೊಡವರಲ್ಲ. ಹೊರಗಿನವರು ಈ ವ್ಯತ್ಯಾಸ ಅರಿಯದೆ ಎರಡನ್ನೂ ಒಂದಾಗಿಸಿದರೆ ಇಬ್ಬರಿಗೂ ಇರುಸುಮುರುಸು.

ದೂರ ಹೆಚ್ಚಿದಂತೆ ಪದ ಹಿಗ್ಗುತ್ತದೆ. ಕುಂದಾಪುರದವರು ಬೆಂಗಳೂರಿಗೆ ಬಂದರೆ ಅನೇಕರ ಪಾಲಿಗೆ ‘ಮಂಗಳೂರು ಕಡೆಯವರು’. ಕರಾವಳಿಯಲ್ಲಿ ನಿಂತು ನೋಡಿದರೆ ಹಾಸನ, ತುಮಕೂರು, ಚಿತ್ರದುರ್ಗ ಎಲ್ಲವೂ ಸೇರಿ ‘ಘಟ್ಟದ ಮೇಲಿನವರು’. ‘ಕಡೆಯವರು’ ಎಂಬ ಮಾತು ಆಡಿಸಿಕೊಂಡವರ ಊರಿಗಿಂತ ಆಡಿದವರು ನಿಂತ ಜಾಗವನ್ನೇ ಹೆಚ್ಚು ಹೇಳುತ್ತದೆ.

ಊರು ಬಿಟ್ಟರೂ ಊರಿನ ಹೆಸರು ಬಿಡದು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಮೋಕ್ಷಗುಂಡಂ ಇರುವುದು ಆಂಧ್ರದಲ್ಲಿ. ಹಿರಿಯರು ಬಿಟ್ಟುಬಂದ ಊರು ‘ಎಂ’ ಎಂಬ ಒಂದಕ್ಷರವಾಗಿ ಉಳಿಯಿತು. ಗಂಗೂಬಾಯಿ ಹಾನಗಲ್ ಅವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದರು. ಸಂಗೀತ ಲೋಕಕ್ಕೆ ಅವರು ಹಾನಗಲ್.

ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ತಿಪಟೂರಿನಿಂದ ಅರಸೀಕೆರೆಗೆ ಸೊಸೆಯಾಗಿ ಬಂದವಳು ಅತ್ತೆ, ಓರಗಿತ್ತಿಯರ ಬಾಯಲ್ಲಿ ‘ತಿಪಟೂರಿನವಳು’. ಹಬ್ಬಕ್ಕೆ ತವರಿಗೆ ಹೋದರೆ ಅಣ್ಣನ ಮಕ್ಕಳಿಗೆ ಆಕೆ ‘ಅರಸೀಕೆರೆ ಅತ್ತೆ’. ಎರಡೂರು ಬಾಳಿದ ಆಕೆ ಎರಡು ಕಡೆಯೂ ಇನ್ನೊಂದು ಊರಿನವಳೇ.

ಇಡೀ ರಾಜ್ಯಕ್ಕೇ ಇಂಥ ಇಕ್ಕಟ್ಟು ಬಂದದ್ದುಂಟು. 1956ರ ನವೆಂಬರ್ 1ರಂದು ಮುಂಬೈ, ಹೈದರಾಬಾದ್, ಮದ್ರಾಸ್ ಪ್ರಾಂತಗಳ ಕನ್ನಡ ಪ್ರದೇಶಗಳೂ ಕೊಡಗೂ ಹಳೆಯ ಮೈಸೂರಿನೊಂದಿಗೆ ಕೂಡಿದಾಗ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. ಧಾರವಾಡ, ಬೀದರ್‌ಗಳ ಜನ ಮೈಸೂರಿನವರಾಗಿರಲಿಲ್ಲ. ಆದರೂ ಕಾಗದದ ಮೇಲೆ 17 ವರ್ಷ ‘ಮೈಸೂರು ರಾಜ್ಯದವರು’. 1973ರ ನವೆಂಬರ್ 1ರಂದು, ದೇವರಾಜ ಅರಸರ ಕಾಲದಲ್ಲಿ, ರಾಜ್ಯ ‘ಕರ್ನಾಟಕ’ವಾಯಿತು. ಒಂದು ಭಾಗದ ಹೆಸರಿನಲ್ಲಿ ಎಲ್ಲರನ್ನೂ ಕರೆಯುವುದು ಅಲ್ಲಿಗೆ ನಿಂತಿತು.

ಈಗ ಪ್ರಶ್ನೆ ‘ಕನ್ನಡಿಗ’ ಯಾರು ಎಂಬುದಕ್ಕೆ ಬಂದಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ರಾಜ್ಯದಲ್ಲಿ 15 ವರ್ಷಗಳ ವಾಸ ಹಾಗೂ ಕನ್ನಡ ಓದು ಬರಹದ ತಿಳಿವಳಿಕೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿತು. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ನೀಡಲು 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿದ ಮಸೂದೆ, ‘ಸ್ಥಳೀಯ ಅಭ್ಯರ್ಥಿ’ ರಾಜ್ಯದಲ್ಲಿ ಹುಟ್ಟಿಯೂ ಇರಬೇಕು ಎಂದಿತು. ಗದ್ದಲವೆದ್ದು ಮಸೂದೆಯನ್ನು ತಡೆಹಿಡಿಯಲಾಯಿತು. ಒಂದರಲ್ಲಿ ಬಂದು ನೆಲೆಸಿ ಕಲಿತವರಿಗೂ ಜಾಗವಿದೆ. ಇನ್ನೊಂದರಲ್ಲಿ ಹುಟ್ಟದವರಿಗೆ ಬಾಗಿಲಿಲ್ಲ. ಕೆಲಸ ಹುಡುಕುವ ಹುಡುಗನಿಗೆ ಈ ವ್ಯತ್ಯಾಸ ಬರಿಯ ವ್ಯಾಕರಣವಲ್ಲ, ಅನ್ನದ ಪ್ರಶ್ನೆ.

ಗಾಣಿಗ, ಕಬ್ಬಿಗ ಪದಗಳಲ್ಲಿ ‘ಇಗ’ ಸೂಚಿಸುವುದು ಮಾಡುವ ಕೆಲಸವನ್ನು, ಹುಟ್ಟಿದ ಜಾಗವನ್ನಲ್ಲ. ಆ ಲೆಕ್ಕದಲ್ಲಿ ಕನ್ನಡವನ್ನು ಬಳಸಿ ಬಾಳುವವನೂ ಕನ್ನಡಿಗನಾಗಬಹುದು. ‘ಯಾವೂರಾಯ್ತು?’ ಎಂಬ ಪ್ರಶ್ನೆಯಲ್ಲೂ ಇರುವುದು ‘ಆಗು’ ಎಂಬ ಧಾತುವೇ.