ತಂದೆಯಿಂದ ಬಂದ ಬಹೂಪಯೋಗಿ ಮರಗೆಲಸ ಯಂತ್ರ: ಪುನಃಸ್ಥಾಪನೆ ಹಾಗೂ ವ್ಯವಸ್ಥೆ

ವಿಜಯಪುರದ ಸುತ್ತಲಿನ ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಿ ಬಡಗಿ ಕಸುಬು ಬಹುಮಟ್ಟಿಗೆ ಮನೆತನದ ಕಸುಬಾಗಿಯೇ ಉಳಿದಿದೆ. ಕುಂಟೆ, ಕೂರಿಗೆಗಳ ಕಾಲ ಹಿಂದೆ ಸರಿದು ಬಾಗಿಲು, ಕಿಟಕಿ, ಮಂಚಗಳ ಕೆಲಸ ಮುಂದೆ ಬಂದಾಗ ಹಲವರು ಕೈ ರಂದಾ ಬಿಟ್ಟು ಬಹೂಪಯೋಗಿ ಯಂತ್ರವನ್ನು ಕೊಂಡರು. ಒಂದೇ ಮೋಟಾರು, ಒಂದೇ ದಂಡ. ನಡುವೆ ರಂದಾ ಹೊಡೆಯುವ ಕಟರ್ ಬ್ಲಾಕ್, ಒಂದು ತುದಿಗೆ ವೃತ್ತಾಕಾರದ ಗರಗಸ, ಇನ್ನೊಂದು ತುದಿಗೆ ಕಂಡಿ ಕೊರೆಯುವ ಚಕ್. ಅಂತಹ ಯಂತ್ರ ಇಂದು ಅನೇಕ ಮನೆಗಳಲ್ಲಿ ಎರಡನೆಯ ತಲೆಮಾರಿನ ಕೈಗೆ ಬರುತ್ತಿದೆ. ಹೆಸರಿನ ಫಲಕ ಸವೆದಿರುತ್ತದೆ, ಕೈಪಿಡಿ ಇರುವುದಿಲ್ಲ, ಎಲ್ಲವನ್ನೂ ಬಲ್ಲವರು ತೀರಿಕೊಂಡಿರುತ್ತಾರೆ. ಗುಜರಿ ವ್ಯಾಪಾರಿ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾನೆ. ಬೀಡು ಕಬ್ಬಿಣದ ಮೇಜು ಬಿರುಕು ಬಿಟ್ಟಿಲ್ಲ, ದಂಡ ಬಾಗಿಲ್ಲ ಎಂದಾದರೆ ಆ ಬೆಲೆಗೆ ಒಪ್ಪುವುದು ಜಾಣತನವಲ್ಲ. ಹಳೆಯ ಬೀಡು ವರ್ಷಗಳ ಬಳಕೆಯಲ್ಲಿ ತನ್ನ ಆಕಾರದಲ್ಲಿ ನೆಲೆಗೊಂಡಿರುತ್ತದೆ. ಉಳಿದ ಬಿಡಿಭಾಗಗಳೆಲ್ಲ ಪೇಟೆಯಲ್ಲಿ ದೊರೆಯುತ್ತವೆ.

ಯಂತ್ರಕ್ಕೆ ಕೈ ಹಾಕುವ ಮುನ್ನ ಒಡೆತನದ ವಿಷಯ ಇತ್ಯರ್ಥವಾಗಬೇಕು. ಉಯಿಲು ಬರೆಯದೆ ತೀರಿದವರ ಸ್ವಯಾರ್ಜಿತ ಸ್ವತ್ತಿನಲ್ಲಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ಮೃತರ ತಾಯಿ ಸಮಾನ ಪಾಲುದಾರರು. ಯಂತ್ರವೂ ಸ್ವತ್ತೇ. ಒಬ್ಬ ಮಗ ಐವತ್ತು ಸಾವಿರ ಖರ್ಚು ಮಾಡಿ ದುರಸ್ತಿ ಮಾಡಿಸಿದ ಮೇಲೆ ಪಾಲಿನ ಮಾತು ಎದ್ದರೆ ಯಂತ್ರವೂ ನಿಲ್ಲುತ್ತದೆ, ಮನೆಯೂ ಒಡೆಯುತ್ತದೆ. ಆದ್ದರಿಂದ ಮನೆಯವರೆಲ್ಲರ, ಕೊಟ್ಟ ಹೆಣ್ಣುಮಕ್ಕಳೂ ಸೇರಿ, ಸಹಿಯಿರುವ ಪತ್ರ ಮೊದಲು ಆಗಲಿ. ತಂದೆಯವರ ಹೆಸರಿನ ಜಿ.ಎಸ್.ಟಿ. ನೋಂದಣಿ ಮಗನಿಗೆ ತಾನಾಗಿ ಬರುವುದಿಲ್ಲ. ವ್ಯವಹಾರ ಮುಂದುವರಿಸುವವರು ಹೊಸ ನೋಂದಣಿ ಪಡೆದು, ಉಳಿದಿರುವ ಹೂಡುವಳಿ ತೆರಿಗೆ ಜಮೆಯನ್ನು ಐ.ಟಿ.ಸಿ.-02 ನಮೂನೆಯಲ್ಲಿ ವರ್ಗಾಯಿಸಿಕೊಳ್ಳಬಹುದು. ಹೆಸ್ಕಾಂ ಸಂಪರ್ಕದ ಹೆಸರು ಬದಲಾವಣೆಯನ್ನೂ ಇದೇ ಸಂದರ್ಭದಲ್ಲಿ ಮುಗಿಸತಕ್ಕದ್ದು.

ಗರಗಸದ ಅಳತೆಯ ಬಗ್ಗೆ ಒಂದು ಮಾತು. ಮರ ಆಧಾರಿತ ಉದ್ದಿಮೆಗಳ ಕುರಿತು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿ 2017ರಲ್ಲಿ ತಿದ್ದುಪಡಿ ಮಾಡಿದ ಮಾರ್ಗಸೂಚಿಗಳು 30 ಸೆಂ.ಮೀ. ವ್ಯಾಸವನ್ನು ಗಡಿಯಾಗಿ ಇರಿಸಿವೆ. ಬ್ಯಾಂಡ್ ಗರಗಸವಿಲ್ಲದೆ, ಇದಕ್ಕಿಂತ ದೊಡ್ಡ ವೃತ್ತ ಗರಗಸವಿಲ್ಲದೆ, ಸಕ್ರಮ ಮೂಲದಿಂದ ತಂದ ಕೊಯ್ದ ಮರವನ್ನಷ್ಟೇ ಬಳಸುವ ಘಟಕಗಳಿಗೆ ವಿನಾಯಿತಿ ಉಂಟು. 14 ಅಥವಾ 16 ಅಂಗುಲದ ಗರಗಸ ಹಾಕಿ ಹೊಲದ ಬೇವು, ಜಾಲಿಯ ದಿಮ್ಮಿ ಸೀಳಲು ಹೊರಟರೆ ನೀವು ಕೊಯ್ಯುವ ಗಿರಣಿಯ ಸಾಲಿಗೆ ಸೇರುತ್ತೀರಿ. ಮರ ಕೊಂಡ ರಶೀದಿಗಳನ್ನು ಕಡತದಲ್ಲಿಡಿ. ಅನುಮಾನವಿದ್ದಲ್ಲಿ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಲಿಖಿತವಾಗಿಯೇ ಕೇಳಿ ತಿಳಿಯುವುದು ಲೇಸು.

ಇನ್ನು ಅಡಿಪಾಯ. ನಮ್ಮ ಭಾಗದ ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಮೇಲೆ ತೆಳುವಾಗಿ ಹಾಸಿದ ಶಹಾಬಾದ ಕಲ್ಲಿನ ನೆಲ ಯುಗಾದಿಗೆ ಒಂದು ಮಟ್ಟ, ದೀಪಾವಳಿಗೆ ಇನ್ನೊಂದು ಮಟ್ಟ. ರಂದಾ ಸರಿಯಾಗಿ ಬೀಳುತ್ತಿಲ್ಲವೆಂದು ಬ್ಲೇಡನ್ನು ದೂರುವವರ ಪೈಕಿ ಎಷ್ಟೋ ಮಂದಿಯ ದೋಷ ನೆಲದಲ್ಲಿರುತ್ತದೆ. ಯಂತ್ರ ನಿಲ್ಲುವಷ್ಟು ಜಾಗದಲ್ಲಿ ಎರೆಮಣ್ಣನ್ನು ತೆಗೆದು, ಗರಸು ತುಂಬಿ, ನೀರು ಹಾಕಿ ದಮ್ಮಸು ಮಾಡಿ, ಅದರ ಮೇಲೆ ಸುತ್ತಲಿನ ನೆಲಕ್ಕೆ ಅಂಟದಂತೆ ಪ್ರತ್ಯೇಕ ಕಾಂಕ್ರೀಟ್ ಗಡ್ಡೆ ಕಟ್ಟಬೇಕು. ಹಿಡಿಬೋಲ್ಟುಗಳನ್ನು ಬಿಗಿಯುವ ಮುನ್ನ ಮೇಜಿನ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು, ಕಾಲುಗಳ ಅಡಿಗೆ ತಗಡಿನ ತುಂಡು ಕೊಟ್ಟು ಸಮ ಮಾಡಿಕೊಳ್ಳಿ. ಬಿಗಿದ ನಂತರ ಮತ್ತೊಮ್ಮೆ ನೋಡಿ. ಓರೆಯಾಗಿ ಬಿಗಿದ ಬೋಲ್ಟು ಬೀಡಿನ ಚೌಕಟ್ಟನ್ನೇ ತಿರುಚಬಲ್ಲದು. ಸ್ಥಳದ ಲೆಕ್ಕವೂ ಈಗಲೇ ಆಗಲಿ. ಏಳು ಅಡಿಯ ಬಾಗಿಲ ಚೌಕಟ್ಟಿನ ಮರ ಹೋಗಬೇಕಾದರೆ ಕಟರಿನ ಹಿಂದೆ ಏಳು ಅಡಿ, ಮುಂದೆ ಏಳು ಅಡಿ, ಮೇಲೆ ಮನುಷ್ಯ ನಿಲ್ಲುವ ಜಾಗ ಬೇಕು. ಶೆಡ್ಡು ಗಿಡ್ಡವಾಗಿದ್ದರೆ ಯಂತ್ರವನ್ನು ಬಾಗಿಲಿನ ನೇರಕ್ಕೆ ನಿಲ್ಲಿಸುವುದೇ ಉಪಾಯ.

ವಿದ್ಯುತ್ತಿನ ವಿಷಯದಲ್ಲಿ ಉಳಿತಾಯ ಸಲ್ಲದು. ಹಳ್ಳಿಯಲ್ಲಿ ಮೂರರಲ್ಲಿ ಒಂದು ಫೇಸ್ ಹೋಗುವುದು ದಿನನಿತ್ಯದ ಮಾತು. ಎರಡು ಫೇಸಿನಲ್ಲಿ ಎಳೆಯುತ್ತ ಮೋಟಾರು ಕೆಲವೇ ನಿಮಿಷಗಳಲ್ಲಿ ಸುಡುತ್ತದೆ. ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಗೂ ಓವರ್‌ಲೋಡ್ ರಿಲೇ ಇರುವ ಸ್ಟಾರ್ಟರಿನ ಬೆಲೆ ಒಂದು ಸಲ ಮೋಟಾರು ಸುತ್ತಿಸುವ ಖರ್ಚಿನ ಎದುರು ದೊಡ್ಡದಲ್ಲ. ತಂದೆಯವರ ಕಾಲದ ಕತ್ತಿ ಸ್ವಿಚ್ಚನ್ನು ಕಿತ್ತುಹಾಕಲೇಬೇಕು. ಅದರಲ್ಲಿ ವಿದ್ಯುತ್ ಹೋಗಿ ಮರಳಿ ಬಂದಾಗ ಯಂತ್ರ ತಾನಾಗಿಯೇ ತಿರುಗತೊಡಗುತ್ತದೆ. ಆ ಹೊತ್ತಿಗೆ ಬ್ಲೇಡು ಒರೆಸುತ್ತಿರುವ ಕೈ ಎಲ್ಲಿರುತ್ತದೆಂದು ಹೇಳಬೇಕಿಲ್ಲ. ಒಳ್ಳೆಯ ಸ್ಟಾರ್ಟರು ಹಸಿರು ಗುಂಡಿ ಒತ್ತುವವರೆಗೆ ಸುಮ್ಮನಿರುತ್ತದೆ. ಇನ್ನೊಂದು ಸಂಗತಿ: ಟ್ರಾನ್ಸ್‌ಫಾರ್ಮರ್ ಬದಲಿಸಿದಾಗ ಅಥವಾ ತಂತಿ ಜೋಡಿಸಿದಾಗ ಫೇಸುಗಳು ಅದಲುಬದಲಾಗಿ ಮೋಟಾರು ಹಿಮ್ಮುಖ ತಿರುಗುವುದುಂಟು. ಲೈನ್ ದುರಸ್ತಿಯಾದ ಮರುದಿನ ಮರ ಇಡುವ ಮುನ್ನ ಕ್ಷಣಮಾತ್ರ ಚಾಲೂ ಮಾಡಿ ದಿಕ್ಕು ನೋಡುವ ರೂಢಿ ಇರಲಿ.

ಫಲಕ ಇಲ್ಲದಿದ್ದರೂ ಯಂತ್ರ ತನ್ನ ಕುಲಗೋತ್ರ ತಾನೇ ಹೇಳುತ್ತದೆ. ಬೇರಿಂಗಿನ ಅಂಚಿನಲ್ಲಿ 6205 ಎಂದಿದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ: ದಂಡ 25 ಮಿ.ಮೀ.; 6206 ಆದರೆ 30 ಮಿ.ಮೀ. ಪಟ್ಟಿಯ ಮೇಲಗಲ 13 ಮಿ.ಮೀ. ಇದ್ದರೆ ಎ ವರ್ಗ, 17 ಇದ್ದರೆ ಬಿ ವರ್ಗ. ಪುಲ್ಲಿಗಳನ್ನು ಅಳೆದರೆ ವೇಗ ತಿಳಿಯುತ್ತದೆ. 1440 ಸುತ್ತಿನ ಮೋಟಾರಿಗೆ 6 ಅಂಗುಲದ ಪುಲ್ಲಿ, ದಂಡಕ್ಕೆ 2 ಅಂಗುಲದ್ದು ಇದ್ದಲ್ಲಿ ದಂಡ ನಿಮಿಷಕ್ಕೆ 4320 ಸುತ್ತು ತಿರುಗುತ್ತದೆ. ಗರಗಸದ ಮೈಮೇಲೆ ಕೆತ್ತಿರುವ ಗರಿಷ್ಠ ವೇಗ ಇದಕ್ಕಿಂತ ಹೆಚ್ಚಿರಲೇಬೇಕು. ಮೋಟಾರು ಸುಟ್ಟಾಗ 2880 ಸುತ್ತಿನದನ್ನು ಅದೇ ಪುಲ್ಲಿಗೆ ಕೂಡಿಸಿದರೆ ವೇಗ ಇಮ್ಮಡಿಯಾಗುವುದೆಂಬುದನ್ನು ಮರೆಯುವವರಿದ್ದಾರೆ.

ಕಟರ್ ಬ್ಲಾಕ್ ಚೌಕಾಕಾರದ್ದಾಗಿದ್ದರೆ ಅದನ್ನು ಬಿಟ್ಟು ದುಂಡನೆಯದನ್ನು ಹಾಕಿಸಿ. ಚೌಕ ಬ್ಲಾಕಿನ ಮೂಲೆಗಳ ನಡುವಿನ ತೆರಪು ಬೆರಳನ್ನು ಆಳಕ್ಕೆ ಎಳೆದುಕೊಳ್ಳುತ್ತದೆ. ಬ್ಲೇಡುಗಳು ಪರಸ್ಪರ ಒಂದೇ ತೂಕದವಾಗಿರಬೇಕು; ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದರೂ ಅತಿಯಾಗದು. ಬ್ಲೇಡಿನ ಅಂಚು ಬ್ಲಾಕಿನಿಂದ ಸುಮಾರು 1 ಮಿ.ಮೀ. ಮಾತ್ರ ಹೊರಗಿರಲಿ. ಇಡೀ ಹೊಂದಾಣಿಕೆಯ ಜೀವಾಳವೆಂದರೆ ಹಿಂಬದಿಯ, ಅಂದರೆ ಮರ ಹೊರಬರುವ ಮೇಜು, ಬ್ಲೇಡಿನ ಅತ್ಯುನ್ನತ ಬಿಂದುವಿಗೆ ಸರಿಸಮನಾಗಿರುವುದು. ಮುಖ್ಯ ಸ್ವಿಚ್ಚು ತೆಗೆದು, ನೇರವಾದ ತೇಗದ ಪಟ್ಟಿಯೊಂದನ್ನು ಆ ಮೇಜಿನಿಂದ ಬ್ಲಾಕಿನ ಮೇಲೆ ಚಾಚಿಟ್ಟು ಕೈಯಿಂದ ಬ್ಲಾಕನ್ನು ತಿರುಗಿಸಿ. ಬ್ಲೇಡು ಪಟ್ಟಿಯನ್ನು ಎರಡು ಮೂರು ಮಿ.ಮೀ. ಮುಂದೆ ಸರಿಸಿ ಬಿಟ್ಟರೆ ಸರಿ. ಪ್ರತಿ ಬ್ಲೇಡಿನ ಎರಡೂ ತುದಿಗಳಲ್ಲಿ ಇದೇ ಫಲ ಬರಬೇಕು. ಮೇಜು ತಗ್ಗಾದರೆ ಮರದ ಕೊನೆಯಲ್ಲಿ ಹಳ್ಳ ಬೀಳುತ್ತದೆ, ಎತ್ತರವಾದರೆ ಮರ ಮುಂದೆ ಸರಿಯದೆ ತಡೆಯುತ್ತದೆ ಇಲ್ಲವೇ ಓರೆಯಾಗಿ ಸವೆಯುತ್ತದೆ. ಮುಂಬದಿಯ ಮೇಜನ್ನು ಒಂದೆರಡು ಮಿ.ಮೀ. ತಗ್ಗಿಸಿದರೆ ಅದೇ ಸೀಳಿನ ಆಳ.

ಗರಗಸದ ಹಿಂದೆ ಸೀಳು ಬಿಡಿಸುವ ತಗಡು ಇರಲೇಬೇಕು. ಅದು ಗರಗಸದ ತಟ್ಟೆಗಿಂತ ದಪ್ಪ, ಹಲ್ಲಿನ ಸೀಳಿಗಿಂತ ತೆಳು. ಇಲ್ಲವಾದರೆ ಮರ ಮುಚ್ಚಿಕೊಂಡು ಗರಗಸವನ್ನು ಹಿಡಿದು ಎದೆಗೆ ಚಿಮ್ಮುತ್ತದೆ. ದಂಡ ಒಂದೇ ಆದ್ದರಿಂದ ರಂದಾ ಹೊಡೆಯುವಾಗಲೂ ಗರಗಸ ತಿರುಗುತ್ತಲೇ ಇರುತ್ತದೆ. ಬಳಸದಿರುವಾಗ ಅದಕ್ಕೆ ಮುಚ್ಚಳ, ಚಕ್ಕಿನಿಂದ ಬಿಟ್ಟು ಹೊರಗೆ. ಧೋತರ, ಟವೆಲ್, ಕೈಗವಸು ಯಾವುದೂ ಹತ್ತಿರ ಸುಳಿಯಬಾರದು.

ಯಂತ್ರಕ್ಕೆ ಮೂರು ಕೆಲಸ ಬಂದರೂ ಒಂದು ಹೊತ್ತಿಗೆ ಒಂದೇ ನಡೆಯಬೇಕು. ಇಬ್ಬರು ಅಣ್ಣತಮ್ಮಂದಿರು ಎರಡು ತುದಿಗೆ ನಿಂತು ಕೆಲಸ ಮಾಡುವುದು ಲಾಭದಂತೆ ಕಂಡರೂ ಒಬ್ಬನ ಎಳೆತಕ್ಕೆ ಇನ್ನೊಬ್ಬನ ಮರ ನಡುಗುತ್ತದೆ. ಆದ್ದರಿಂದ ಸರದಿಯ ವ್ಯವಸ್ಥೆ ಬೇಕು: ಒಂದು ಮನೆಯ ಎಲ್ಲ ಬಾಗಿಲು ಕಿಟಕಿಗಳ ಮರಕ್ಕೆ ಒಟ್ಟಿಗೆ ಗುರುತು ಹಾಕಿ, ಎಲ್ಲಕ್ಕೂ ರಂದಾ, ನಂತರ ಎಲ್ಲವನ್ನೂ ಅಳತೆಗೆ ಕೊಯ್ಯುವುದು, ಕೊನೆಗೆ ಕಂಡಿ. ತುಂಡು ತುಂಡಾಗಿ ಮಾಡುವವರ ಅರ್ಧ ದಿನ ಹೊಂದಾಣಿಕೆಯಲ್ಲೇ ಕಳೆಯುತ್ತದೆ.

ದಾಂಡೇಲಿ, ಹಳಿಯಾಳದ ಕಡೆಯಿಂದ ಬಂದ ಮರ ನಮ್ಮ ಒಣ ಹವೆಗೆ ಬಂದೊಡನೆ ಕುಗ್ಗತೊಡಗುತ್ತದೆ. ಅಡಿಕಡ್ಡಿ ಕೊಟ್ಟು ನೆರಳಲ್ಲಿ ಅಟ್ಟಿ ಹಾಕಿ, ಒಂದು ಹಲಗೆಯನ್ನು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆಯೇ ಅದಕ್ಕೆ ರಂದಾ.

ಬಂಡವಾಳದ ಕೊರತೆಯಿರುವ ಬಡಗಿ ಕುಟುಂಬಗಳಿಗೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ ಅನ್ವಯಿಸುತ್ತದೆ. ಉಪಕರಣಗಳಿಗೆ 15,000 ರೂ. ನೆರವು, ಜಾಮೀನಿಲ್ಲದೆ ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂ.ವರೆಗೆ ಸಾಲ ಅದರಲ್ಲಿದೆ. ಒಂದು ಕುಟುಂಬಕ್ಕೆ ಒಬ್ಬರೇ ಫಲಾನುಭವಿಯಾದ್ದರಿಂದ ಯಾರ ಹೆಸರಿನಲ್ಲಿ ಅರ್ಜಿ ಹಾಕಬೇಕೆಂಬುದನ್ನು ಪಾಲುಪತ್ರ ಮಾಡುವ ದಿನವೇ ಗೊತ್ತುಮಾಡಿಕೊಳ್ಳುವುದು ಅನುಕೂಲ.